ಮೂರ್ಛೆ, ಅಪಸ್ಮಾರ ಮತ್ತು ಔಷಧದ ತಕ್ಕಡಿ: ಜೀಡಿಮೆಟ್ಲಾದ ಕನ್ನಡಿಗರ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಅಪಸ್ಮಾರಕ್ಕೂ ಇತರ ರೋಗಗಳಿಗೂ ಒಂದು ಮುಖ್ಯವಾದ ಅಂತರವಿದೆ. ಜ್ವರ ಬಂದವನು ತನ್ನ ಜ್ವರವನ್ನು ತಾನೇ ಹೇಳಬಲ್ಲನು. ಹೊಟ್ಟೆನೋವಿನವನು ನೋವಿನ ಜಾಗವನ್ನು ಬೆರಳಿಟ್ಟು ತೋರಿಸಬಲ್ಲನು. ಅಪಸ್ಮಾರದ ಸೆಳವಿಗೆ ಸಿಕ್ಕವನಿಗಾದರೋ ತನಗೆ ಆದದ್ದೇನೆಂಬುದರ ನೆನಪು ಸಾಮಾನ್ಯವಾಗಿ ಇರುವುದಿಲ್ಲ. ಅನುಭವಿಸಿದವನು ಒಬ್ಬ, ಕಂಡವರು ಬೇರೊಬ್ಬರು. ವೈದ್ಯನು ಔಷಧವನ್ನು ಗೊತ್ತುಮಾಡುವುದು ಬಹುಮಟ್ಟಿಗೆ ಕಂಡವರ ಮಾತನ್ನು ನೆಚ್ಚಿ. ಆ ಮಾತು ಒಂದು ಭಾಷೆಯಲ್ಲಿರುತ್ತದೆ. ಅದು ವೈದ್ಯನ ಭಾಷೆಯೇ ಆಗಿರುತ್ತದೆಂಬ ಭರವಸೆಯಿಲ್ಲ. ಅಪಸ್ಮಾರದ ಔಷಧಗಳ ಗುಣದೋಷಗಳನ್ನು ಕುರಿತ ಲೇಖನವೊಂದಕ್ಕೆ ಕನ್ನಡ ಪೀಠದ ಈ ಪತ್ರಿಕೆಯಲ್ಲಿ ಸ್ಥಳ ದೊರೆತಿರುವುದು ಈ ಕಾರಣದಿಂದ. ಮಧ್ಯಕಾಲೀನ ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ವೈದ್ಯಶಾಸ್ತ್ರದಲ್ಲಿ ಅಧಿಕಾರವಿಲ್ಲವೆಂಬುದನ್ನು ಮೊದಲೇ ಹೇಳಬೇಕು. ತಜ್ಞರು ಪ್ರಕಟಿಸಿರುವ ಸಂಗತಿಗಳನ್ನು ಒಟ್ಟುಗೂಡಿಸಿ, ಹೊರನಾಡ ಕನ್ನಡಿಗರ ಬದುಕಿನ ಪಕ್ಕದಲ್ಲಿಟ್ಟು ನೋಡುವುದಷ್ಟೇ ಇಲ್ಲಿಯ ಉದ್ದೇಶ. ಒಬ್ಬೊಬ್ಬ ರೋಗಿಯ ಚಿಕಿತ್ಸೆಯ ನಿರ್ಧಾರ ನರರೋಗತಜ್ಞರದು.

ನಿದರ್ಶನಕ್ಕಾಗಿ ಆರಿಸಿಕೊಂಡ ಸ್ಥಳ ಹೈದರಾಬಾದಿನ ಉತ್ತರದ ಅಂಚಿನ ಜೀಡಿಮೆಟ್ಲಾ. 1961ರಲ್ಲಿ ಸ್ಥಾಪಿತವಾದ ಇಂಡಿಯನ್ ಡ್ರಗ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್ ಎಂಬ ಸರ್ಕಾರಿ ಸಂಸ್ಥೆಯು ಸೋವಿಯತ್ ನೆರವಿನಿಂದ ಸಮೀಪದ ಬಾಲಾನಗರದಲ್ಲಿ ಔಷಧ ಕಾರ್ಖಾನೆಯನ್ನು ಕಟ್ಟಿತು. ಅಲ್ಲಿ ಪಳಗಿದ ರಸಾಯನಶಾಸ್ತ್ರಜ್ಞರಲ್ಲಿ ಹಲವರು ಮುಂದೆ ಸ್ವಂತ ಉದ್ಯಮಗಳನ್ನು ಆರಂಭಿಸಿದರು. ಔಷಧದ ವಸ್ತುವಿಗಲ್ಲದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಹಕ್ಕುಸ್ವಾಮ್ಯವನ್ನು ಕೊಡುತ್ತಿದ್ದ 1970ರ ಪೇಟೆಂಟ್ ಕಾಯಿದೆ ಅವರಿಗೆ ದಾರಿಮಾಡಿಕೊಟ್ಟಿತು. ಹೀಗೆ ಬಾಲಾನಗರ, ಜೀಡಿಮೆಟ್ಲಾ, ಬೊಲ್ಲಾರಂ, ಪಟಾನ್‌ಚೆರುಗಳನ್ನು ಬಳಸಿ ಬೆಳೆದ ಔಷಧೋದ್ಯಮದ ಪಟ್ಟಿಗೆ ದುಡಿಮೆಗಾಗಿ ಬಂದವರಲ್ಲಿ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಕನ್ನಡಿಗರೂ ಸೇರಿದ್ದಾರೆ. ಈ ಪ್ರದೇಶಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದುವು. ಬೀದರದವನಿಗೆ ಇಂದಿಗೂ ಬೆಂಗಳೂರಿಗಿಂತ ಹೈದರಾಬಾದು ಬಹಳ ಹತ್ತಿರ. ದುಡಿಮೆಗೂ ಅದೇ, ದವಾಖಾನೆಗೂ ಅದೇ.

ಷಾಪುರ ನಗರ, ಚಿಂತಲ್ ಕಡೆಯ ಬಾಡಿಗೆ ಮನೆಗಳಲ್ಲಿ ಬೀದರ ಸೀಮೆಯ ಶಬ್ದಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದಾಗ ಮಗನ ಕಾಯಿಲೆಯ ಮಾತು ತೆಗೆದ ತಾಯಿಯೊಬ್ಬರು ಹೀಗೆ ಹೇಳಿದರು: “ಗುಳಗಿ ತಿಂದ್ರ ನಿದ್ದಿ ಭಾಳ ಬರ್ತದ್ರಿ. ಬಿಟ್ರ ಮತ್ತ ಬ್ಯಾನಿ ಬರ್ತದ. ಹ್ಯಾಂಗ್ ಮಾಡಬೇಕ್ರಿ ಸರ?” ಮಗ ರಾತ್ರಿ ಪಾಳಿಯ ಕೆಲಸಗಾರ. ತೂಕಡಿಸಿದರೆ ಕೆಲಸ ಹೋಗುತ್ತದೆ. ಗುಳಿಗೆ ಬಿಟ್ಟರೆ ಯಂತ್ರದ ಬುಡದಲ್ಲಿ ಬೀಳುವ ಭಯ. ಔಷಧದ ಡ್ರಮ್ಮುಗಳನ್ನು ಹೊರುವವನ ಮನೆಯಲ್ಲಿಯೇ ಔಷಧ ನಿಂತುಹೋಗುವ ಈ ಸಂದರ್ಭವನ್ನು ಅಜ್ಞಾನವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಆ ತಾಯಿ ಕೇಳಿದ್ದು ಲಾಭ ಮತ್ತು ಅಪಾಯಗಳ ಲೆಕ್ಕವನ್ನೇ.

ಲೆಕ್ಕಕ್ಕೆ ತೊಡಗುವ ಮೊದಲು ಶಬ್ದಗಳ ವಿಚಾರ. ಕನ್ನಡದಲ್ಲಿ ‘ಮೂರ್ಛೆ’ ಎಂಬುದು ಎರಡು ಬೇರೆ ಬೇರೆ ಸ್ಥಿತಿಗಳಿಗೆ ಸಲ್ಲುತ್ತದೆ. ನಮ್ಮ ಚಂಪೂ, ಷಟ್ಪದಿ ಕಾವ್ಯಗಳಲ್ಲಿ ವಿರಹದಿಂದಲೋ ಪುತ್ರಶೋಕದಿಂದಲೋ ಪಾತ್ರಗಳು ಮೂರ್ಛೆಹೋಗುವುದು, ಸಖಿಯರು ಪನ್ನೀರು ಚಿಮುಕಿಸಿ ಬಾಳೆಯೆಲೆಯಿಂದ ಗಾಳಿಬೀಸಿ ಶೈತ್ಯೋಪಚಾರ ಮಾಡುವುದು, ಪಾತ್ರಗಳು ಕೂಡಲೇ ಎಚ್ಚತ್ತು ಪ್ರಲಾಪವನ್ನು ಮುಂದುವರಿಸುವುದು ಓದುಗರಿಗೆ ಚಿರಪರಿಚಿತ. ಇಂದಿನ ವೈದ್ಯರ ದೃಷ್ಟಿಯಲ್ಲಿ ಇದು ಮಿದುಳಿಗೆ ರಕ್ತ ಕ್ಷಣಕಾಲ ಸಾಲದೆ ಬರುವ ಎಚ್ಚರತಪ್ಪುವಿಕೆಗೆ ಹತ್ತಿರವಾದದ್ದು. ಅಪಸ್ಮಾರದ ಸೆಳವಾದರೋ ಮಿದುಳಿನ ನರಕೋಶಗಳು ಮಿತಿಮೀರಿ ಒಟ್ಟಾಗಿ ವಿದ್ಯುತ್ ಸ್ಫುರಣ ಮಾಡುವುದರಿಂದ ಉಂಟಾಗುವಂಥದು. ಈ ಸೆಳವುಗಳು ಮತ್ತೆ ಮತ್ತೆ ಮರುಕಳಿಸುವ ಪ್ರವೃತ್ತಿಯೇ ಅಪಸ್ಮಾರ ರೋಗ. ಜನರ ಮಾತಿನಲ್ಲಿ ಎರಡೂ ‘ಮೂರ್ಛೆ’ಯೇ. ಬೀದರದ ಕಡೆ ಇದರ ಜೊತೆಗೆ ದಖನಿಯ ‘ಮಿರ್ಗಿ’ ಇದೆ, ಎಲ್ಲ ಕಡೆಯೂ ‘ಫಿಟ್ಸ್’ ಇದೆ. ‘ಅಪಸ್ಮಾರ’ವೆಂಬ ಗ್ರಂಥಸ್ಥ ಶಬ್ದ ನೆನಪು ತೊಲಗುವುದನ್ನೇ ರೋಗದ ಲಕ್ಷಣವಾಗಿ ಹಿಡಿದಿದೆ; ಚರಕನು ಅದನ್ನು ಉನ್ಮಾದದಿಂದ ಬೇರ್ಪಡಿಸಿ ನಾಲ್ಕು ಬಗೆಯಾಗಿ ವಿವರಿಸಿದ್ದಾನೆ. ನಟರಾಜನ ಪಾದದ ಕೆಳಗಿನ ಕುಬ್ಜನಿಗೂ ಅಪಸ್ಮಾರನೆಂದೇ ಹೆಸರಿರುವುದರಿಂದ ಶಬ್ದಕ್ಕೆ ಅಂಟಿಕೊಂಡ ಅವಹೇಳನದ ಛಾಯೆಯೂ ಹಳೆಯದೇ ಎನ್ನಬೇಕು.

ಈ ಶಬ್ದಚರ್ಚೆ ಔಷಧದ ಲೆಕ್ಕಕ್ಕೆ ಹೊರಗಿನದಲ್ಲ. ಹಸಿದು, ಬಿಸಿಲಲ್ಲಿ ನಿಂತು, ರಕ್ತ ಕಂಡು ಎಚ್ಚರತಪ್ಪಿದವನಿಗೆ ಅಪಸ್ಮಾರದ ಗುಳಿಗೆಯನ್ನು ವರ್ಷಗಟ್ಟಲೆ ಕೊಟ್ಟರೆ ಲಾಭ ಶೂನ್ಯ, ಅಪಾಯ ಮಾತ್ರ ಪೂರ್ಣ. ಆದ್ದರಿಂದ ‘ಮೂರ್ಛೆ ಬಂತು’ ಎಂದಷ್ಟೇ ಹೇಳಿದರೆ ಸಾಲದು. ಬೀಳುವ ಮೊದಲು ಮುಖ ಬಿಳಿಚಿತೇ, ಬೆವರಿತೇ. ಕೈಕಾಲು ಸೆಟೆದು ಆಮೇಲೆ ಅದುರಿತೇ. ಒಂದೇ ಪಕ್ಕದಿಂದ ಆರಂಭವಾಯಿತೇ. ನಾಲಗೆಯ ಅಂಚು ಕಚ್ಚಿತೇ. ಎಚ್ಚತ್ತ ಮೇಲೆ ಎಷ್ಟು ಹೊತ್ತು ಮಂಕಾಗಿದ್ದ ಎಂಬ ವಿವರಗಳು ಬೇಕು. ಇಇಜಿ ಪರೀಕ್ಷೆ ಇದಕ್ಕೆ ಪೂರಕವೇ ಹೊರತು ಪರ್ಯಾಯವಾಗಲಾರದು. ಅಪಸ್ಮಾರವಿರುವವರಲ್ಲಿಯೂ ಅದು ಕೆಲವೊಮ್ಮೆ ಸರಿಯಾಗಿಯೇ ಬರುತ್ತದೆ.

ಇನ್ನೊಂದು ಉದಾಹರಣೆ ಇದಕ್ಕಿಂತ ಸೂಕ್ಷ್ಮವಾದದ್ದು. ಹದಿಹರೆಯದಲ್ಲಿ ಆರಂಭವಾಗುವ ಒಂದು ಬಗೆಯ ಅಪಸ್ಮಾರದಲ್ಲಿ ಬೆಳಿಗ್ಗೆ ಎದ್ದ ಸ್ವಲ್ಪ ಹೊತ್ತಿಗೆ ಕೈಗಳು ಥಟ್ಟನೆ ಕುಪ್ಪಳಿಸುತ್ತವೆ. ಹಿಡಿದ ಲೋಟ ಜಾರಿಬೀಳುತ್ತದೆ, ಚಹಾ ಚೆಲ್ಲುತ್ತದೆ. ಮನೆಯವರು ಇದನ್ನು ಅಜಾಗರೂಕತೆಯೆಂದು ಗದರುತ್ತಾರೆಯೇ ಹೊರತು ರೋಗದ ಭಾಗವೆಂದು ವೈದ್ಯರಿಗೆ ಹೇಳುವುದಿಲ್ಲ. ಹೇಳದಿದ್ದರೆ ವೈದ್ಯರು ಕಾರ್ಬಮಜೆಪೀನನ್ನು ಬರೆಯಬಹುದು. ಬೇರೆ ಬಗೆಯ ಅಪಸ್ಮಾರಕ್ಕೆ ಅದು ಉತ್ತಮ ಔಷಧ. ಈ ಬಗೆಯಲ್ಲಿ ಕುಪ್ಪಳಿಕೆಯನ್ನು ಹೆಚ್ಚಿಸಬಲ್ಲದು. ಲೋಟ ಜಾರಿದ ಸಂಗತಿಯನ್ನು ಯಾವ ಭಾಷೆಯಲ್ಲಿಯಾದರೂ ಹೇಳಿದ್ದರೆ ಔಷಧವೇ ಬೇರೆಯಾಗುತ್ತಿತ್ತು.

ಔಷಧಗಳ ಇತಿಹಾಸವನ್ನು ಸ್ಥೂಲವಾಗಿ ಹೇಳಬಹುದು. 1857ರಲ್ಲಿ ಲಂಡನ್ನಿನ ಚಾರ್ಲ್ಸ್ ಲೋಕಾಕ್ ಬ್ರೋಮೈಡಿನ ಉಪಯೋಗವನ್ನು ತಿಳಿಸಿದನು. 1912ರಲ್ಲಿ ಜರ್ಮನಿಯ ಆಲ್ಫ್ರೆಡ್ ಹಾಪ್ಟ್‌ಮನ್ ಫೀನೋಬಾರ್ಬಿಟಾಲಿನ ಗುಣವನ್ನು ಗುರುತಿಸಿದನು. ‘ಗಾರ್ಡಿನಾಲ್’ ಎಂದು ನಮ್ಮ ಕಡೆ ಹೆಸರಾದದ್ದು ಅದೇ. 1938ರಲ್ಲಿ ಅಮೆರಿಕದ ಮೆರಿಟ್ ಮತ್ತು ಪುಟ್ನಮ್ ಫೆನಿಟಾಯಿನನ್ನು ತಂದರು. ‘ಎಪ್ಟಾಯಿನ್’ ಅದರ ಪ್ರಸಿದ್ಧ ವ್ಯಾಪಾರನಾಮ. ಆಮೇಲೆ ಕಾರ್ಬಮಜೆಪೀನ್ ಬಂತು. ವ್ಯಾಲ್‌ಪ್ರೊಯೇಟಿನದು ತಮಾಷೆಯ ಕಥೆ: 1882ರಲ್ಲಿಯೇ ತಯಾರಾಗಿದ್ದ ಈ ವಸ್ತುವನ್ನು ಎಂಬತ್ತು ವರ್ಷ ಬರಿಯ ದ್ರಾವಕವಾಗಿ ಬಳಸುತ್ತಿದ್ದರು. 1962ರ ಸುಮಾರಿಗೆ ಫ್ರಾನ್ಸಿನಲ್ಲಿ ಪರೀಕ್ಷೆಗೆಂದು ಅದರಲ್ಲಿ ಕರಗಿಸಿದ ಔಷಧಗಳೆಲ್ಲವೂ ಸೆಳವನ್ನು ತಡೆಯುತ್ತಿರುವುದು ಕಂಡು, ಗುಣವಿರುವುದು ದ್ರಾವಕದಲ್ಲಿಯೇ ಎಂದು ತಿಳಿಯಿತು. ಲ್ಯಾಮೊಟ್ರಿಜಿನ್, ಲೆವೆಟಿರಾಸಿಟಮ್ ಮೊದಲಾದುವು ಇತ್ತೀಚಿನವು. ಕೆಲವು ಔಷಧಗಳು ನರಕೋಶದ ಸೋಡಿಯಂ ದ್ವಾರಗಳನ್ನು ಬಿಗಿಹಿಡಿಯುತ್ತವೆ, ಕೆಲವು ಮಿದುಳಿನ ಸ್ವಾಭಾವಿಕ ನಿಗ್ರಹಶಕ್ತಿಯನ್ನು ಬಲಪಡಿಸುತ್ತವೆ. ಇವುಗಳಲ್ಲಿ ಯಾವುದೂ ಸೆಳವಿನ ಮೂಲಕಾರಣವನ್ನು ಕೀಳುವುದಿಲ್ಲ. ಸೆಳವು ಬಾರದಂತೆ ತಡೆಯುತ್ತವೆ. ದಿನವೂ ತೆಗೆದುಕೊಳ್ಳಬೇಕಾದದ್ದು ಏಕೆಂಬುದಕ್ಕೆ ಉತ್ತರ ಇಲ್ಲಿದೆ. ಜ್ವರದ ಗುಳಿಗೆಯಂತೆ ಬಂದಾಗ ನುಂಗಿ ಹೋದಾಗ ಬಿಡುವ ಔಷಧ ಇದಲ್ಲ.

ಲಾಭವೆಷ್ಟು? ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಅಪಸ್ಮಾರವಿದೆ. ಸರಿಯಾದ ನಿದಾನ ಮತ್ತು ಚಿಕಿತ್ಸೆ ದೊರೆತರೆ ಇವರಲ್ಲಿ 100ಕ್ಕೆ 70ರಷ್ಟು ಮಂದಿ ಸೆಳವಿಲ್ಲದೆ ಬದುಕಬಲ್ಲರು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನದಲ್ಲಿ, ಹಿಂದೆ ಚಿಕಿತ್ಸೆ ಪಡೆಯದಿದ್ದ 470 ಮಂದಿಯಲ್ಲಿ 100ಕ್ಕೆ 47ರಷ್ಟು ಮಂದಿಗೆ ಮೊದಲ ಔಷಧದಿಂದಲೇ ಸೆಳವು ನಿಂತಿತು. ಮೊದಲನೆಯದು ವಿಫಲವಾದರೆ ಎರಡನೆಯದರಿಂದ ದೊರೆಯುವ ಲಾಭ ಬಹಳ ಕಡಿಮೆ, ಮೂರನೆಯದರಿಂದ ಇನ್ನೂ ಕಡಿಮೆ. ತಕ್ಕ ಎರಡು ಔಷಧಗಳನ್ನು ತಕ್ಕ ಪ್ರಮಾಣದಲ್ಲಿ ಕೊಟ್ಟೂ ಸೆಳವು ನಿಲ್ಲದಿದ್ದರೆ ಅದನ್ನು ಔಷಧಕ್ಕೆ ಮಣಿಯದ ಅಪಸ್ಮಾರವೆಂದು 2010ರಿಂದ ಅಂತಾರಾಷ್ಟ್ರೀಯವಾಗಿ ಪರಿಗಣಿಸಲಾಗುತ್ತಿದೆ. ಅಂಥವರು ಗುಳಿಗೆಯ ಮೇಲೆ ಗುಳಿಗೆ ಸೇರಿಸಿಕೊಂಡು ವರ್ಷಗಳನ್ನು ಕಳೆಯುವ ಬದಲು, ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ಪರಿಶೀಲಿಸಬಲ್ಲ ಬೆಂಗಳೂರಿನ ನಿಮ್ಹಾನ್ಸ್, ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಗಳಂಥ ಕಡೆಗೆ ಹೋಗುವುದು ಲೇಸು.

ಕನ್ನಡನಾಡಿನ ಸಾಕ್ಷ್ಯ ಇದಕ್ಕಿಂತ ಹೆಚ್ಚು ಸ್ವಾರಸ್ಯವಾದದ್ದು. ಹೊರಗಿನ ಸಂಶೋಧಕರು ಅದನ್ನು ಗಮನಿಸಬೇಕು. ಯಳಂದೂರನ್ನು ಸಾಹಿತ್ಯದ ವಿದ್ಯಾರ್ಥಿಗಳು ಸಂಚಿಯ ಹೊನ್ನಮ್ಮನ ಊರೆಂದು ಬಲ್ಲರು. ನರವಿಜ್ಞಾನದವರು ಅದೇ ಯಳಂದೂರನ್ನು ಡಾ. ಕೆ. ಎಸ್. ಮಣಿ ಮತ್ತು ಸಂಗಡಿಗರ ಅಧ್ಯಯನದಿಂದ ಬಲ್ಲರು. ಆಗ ಮೈಸೂರು ಜಿಲ್ಲೆಯಲ್ಲಿದ್ದು 1997ರಿಂದ ಚಾಮರಾಜನಗರ ಜಿಲ್ಲೆಗೆ ಸೇರಿರುವ ಈ ತಾಲ್ಲೂಕಿನ ಸುಮಾರು 65 ಸಾವಿರ ಜನರ ನಡುವೆ ಮನೆಮನೆಗೆ ಹೋಗಿ ಅಪಸ್ಮಾರವುಳ್ಳವರನ್ನು ಹುಡುಕಲಾಯಿತು. ಮೈಯೆಲ್ಲ ಸೆಟೆದು ಅದುರುವ ಸೆಳವುಳ್ಳವರಿಗೆ ಫೀನೋಬಾರ್ಬಿಟಾಲ್ ಅಥವಾ ಫೆನಿಟಾಯಿನ್ ಎಂಬ ಹಳೆಯ, ಅಗ್ಗದ ಎರಡೇ ಔಷಧಗಳನ್ನು ಕೊಟ್ಟು ವರ್ಷಗಟ್ಟಲೆ ಅನುಸರಿಸಿ ನೋಡಲಾಯಿತು. ಫಲಿತಾಂಶ 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಗ್ರಾಮದ ಸನ್ನಿವೇಶದಲ್ಲಿ, ದೊಡ್ಡ ಪರೀಕ್ಷಾಯಂತ್ರಗಳ ಹಂಗಿಲ್ಲದೆ, ಈ ಎರಡು ಔಷಧಗಳಿಂದಲೇ ಅಪಸ್ಮಾರವನ್ನು ಹಿಡಿತಕ್ಕೆ ತರಬಹುದೆಂಬುದು ಅದರಿಂದ ಸ್ಥಾಪಿತವಾಯಿತು. ಚಿಕಿತ್ಸೆಗೆ ಮೊದಲು ಕೆಲವೇ ಸೆಳವುಗಳು ಬಂದಿದ್ದವರಿಗೆ ಹೆಚ್ಚು ಗುಣ, ಬಹಳ ಸಲ ಬಿದ್ದು ಕಾಲ ಕಳೆದಿದ್ದವರಿಗೆ ಕಡಿಮೆ ಎಂಬುದೂ ಕಂಡುಬಂದಿತು. ಬೆಂಗಳೂರಿನ ನಗರ ಮತ್ತು ಗ್ರಾಮಾಂತರ ಭಾಗಗಳ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಕುರಿತ, 2004ರಲ್ಲಿ ಪ್ರಕಟವಾದ ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಸಾವಿರಕ್ಕೆ 8.8 ಮಂದಿಯಲ್ಲಿ ಅಪಸ್ಮಾರ ಕಂಡುಬಂದಿದ್ದು, ಹಳ್ಳಿಗಳ ಪ್ರಮಾಣ ನಗರದ ಸುಮಾರು ಎರಡರಷ್ಟಿತ್ತು. ರೋಗ ಹೆಚ್ಚಿರುವುದು ಹಳ್ಳಿಯಲ್ಲಿ, ತಜ್ಞರಿರುವುದು ನಗರದಲ್ಲಿ. ಈ ಎರಡರ ನಡುವಣ ಬಸ್ಸಿನ ದಾರಿಯಲ್ಲಿಯೇ ಎಷ್ಟೋ ಚಿಕಿತ್ಸೆಗಳು ಮುಗಿದುಹೋಗುತ್ತವೆ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ಹದಿನಾಲ್ಕನೆಯ ಶತಮಾನದ ಮಂಗರಾಜನ ‘ಖಗೇಂದ್ರಮಣಿದರ್ಪಣ’ ವಿಷವೈದ್ಯವನ್ನು ಕುರಿತ ಗ್ರಂಥ. ಒಂದೇ ದ್ರವ್ಯ ಪ್ರಮಾಣಭೇದದಿಂದ ಔಷಧವೂ ಆಗುತ್ತದೆ, ವಿಷವೂ ಆಗುತ್ತದೆ ಎಂಬ ವಿವೇಕ ಆ ಪರಂಪರೆಯ ವೈದ್ಯರಿಗೆ ಹೊಸದಾಗಿರಲಿಲ್ಲ. ಅದಕ್ಕೆ ಫೆನಿಟಾಯಿನಿನಷ್ಟು ಒಳ್ಳೆಯ ನಿದರ್ಶನ ಬೇರೆ ಸಿಕ್ಕುವುದು ಕಷ್ಟ. ಸಾಮಾನ್ಯವಾಗಿ ಔಷಧದ ಪ್ರಮಾಣವನ್ನು ಎಷ್ಟು ಹೆಚ್ಚಿಸಿದರೆ ರಕ್ತದಲ್ಲಿಯೂ ಅದು ಅಷ್ಟಷ್ಟೇ ಹೆಚ್ಚುತ್ತದೆ. ಫೆನಿಟಾಯಿನನ್ನು ಜೀರ್ಣಿಸುವ ಯಕೃತ್ತಿನ ಶಕ್ತಿಗೆ ಒಂದು ಮಿತಿಯಿದೆ. ಆ ಮಿತಿ ಮುಟ್ಟಿದ ಮೇಲೆ ಸ್ವಲ್ಪವೇ ಹೆಚ್ಚು ಕೊಟ್ಟರೂ, ತುಂಬಿದ ಕೆರೆಗೆ ಮತ್ತೊಂದು ಹಳ್ಳ ಬಂದು ಬಿದ್ದಂತೆ, ರಕ್ತದಲ್ಲಿ ಅದರ ಮಟ್ಟ ಥಟ್ಟನೆ ಏರುತ್ತದೆ. ಆಗ ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಕಣ್ಣುಗುಡ್ಡೆ ಅದುರುತ್ತದೆ. ಕುಡಿದು ಬಂದಿದ್ದಾನೆಂದು ಪಾಳಿಯ ಮೇಲ್ವಿಚಾರಕ ಹೊರಹಾಕಿದರೆ ಆಶ್ಚರ್ಯವಿಲ್ಲ. ದೀರ್ಘಕಾಲದಲ್ಲಿ ಒಸಡು ಊದಿಕೊಳ್ಳುವುದು, ಮುಖದ ಮೇಲೆ ಕೂದಲು ಬೆಳೆಯುವುದು, ಮೂಳೆ ಸೊರಗುವುದು ಇದರ ಇತರ ದೋಷಗಳು. ಕ್ಷಯಕ್ಕೆ ಕೊಡುವ ಐಸೊನಿಯಾಜಿಡ್ ಫೆನಿಟಾಯಿನಿನ ಮಟ್ಟವನ್ನು ಏರಿಸಬಲ್ಲದು, ರಿಫಾಂಪಿಸಿನ್ ಇಳಿಸಬಲ್ಲದು. ಇಕ್ಕಟ್ಟಿನ ವಸತಿಗಳಲ್ಲಿ ಕ್ಷಯ ಅಪರೂಪವಲ್ಲವಾದ್ದರಿಂದ ಒಬ್ಬ ವೈದ್ಯರ ಚೀಟಿಯನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಲೇಬೇಕು.

ಫೀನೋಬಾರ್ಬಿಟಾಲಿನ ಮುಖ್ಯ ದೋಷ ಮಂಪರು; ಮಕ್ಕಳಲ್ಲಿ ಇದಕ್ಕೆ ವಿರುದ್ಧವಾಗಿ ಅತಿಯಾದ ಚಡಪಡಿಕೆ. ಲೆವೆಟಿರಾಸಿಟಮ್ ಇತರ ಔಷಧಗಳೊಡನೆ ಜಗಳವಾಡುವುದು ಕಡಿಮೆ, ಆದರೆ ತೆಗೆದುಕೊಂಡವನು ಮನೆಯವರೊಡನೆ ಜಗಳವಾಡುವಂತೆ ಮಾಡಬಲ್ಲದು: ಸಿಡುಕು, ಖಿನ್ನತೆ ಕೆಲವರಲ್ಲಿ ಕಾಣಿಸಿಕೊಳ್ಳುತ್ತವೆ. ‘ಗುಣ ಕೆಟ್ಟಿತು’ ಎಂದು ಮನೆಯವರು ಹೇಳುವುದನ್ನು ಇಂಥ ಸಂದರ್ಭದಲ್ಲಿ ವೈದ್ಯರಿಗೆ ತಿಳಿಸಬೇಕಾದ ಲಕ್ಷಣವೆಂದೇ ತಿಳಿಯತಕ್ಕದ್ದು. ಇವುಗಳಲ್ಲಿ ಬಹುಪಾಲು ದೋಷಗಳು ಪ್ರಮಾಣವನ್ನು ಬದಲಿಸಿದರೆ, ಇಲ್ಲವೇ ಔಷಧವನ್ನೇ ಬದಲಿಸಿದರೆ ಕಡಿಮೆಯಾಗುವಂಥವು. ತಾಯಿ ಕೇಳಿದ ಪ್ರಶ್ನೆಗೆ ಉತ್ತರದ ಒಂದು ಭಾಗ ಇದೇ: ನಿದ್ದೆ ತರುವ ಗುಳಿಗೆಯನ್ನು ಬಿಡುವುದಕ್ಕೂ ಆ ದೋಷವನ್ನು ಹೇಳಿ ಬೇರೆಯದನ್ನು ಪಡೆಯುವುದಕ್ಕೂ ಬಹಳ ಅಂತರವಿದೆ.

ಒಂದು ದೋಷ ಮಾತ್ರ ಕಾಯಲು ಎಡೆಗೊಡದು. ಕಾರ್ಬಮಜೆಪೀನ್, ಫೆನಿಟಾಯಿನ್, ಲ್ಯಾಮೊಟ್ರಿಜಿನ್‌ಗಳಿಂದ ಅಪರೂಪವಾಗಿ ಚರ್ಮ ಮತ್ತು ಬಾಯಿಯ ಪೊರೆ ಬೆಂದಂತೆ ಸುಲಿಯುವ ಘೋರವಾದ ಪ್ರತಿಕ್ರಿಯೆ ಉಂಟಾಗುತ್ತದೆ, ಸಾಮಾನ್ಯವಾಗಿ ಚಿಕಿತ್ಸೆಯ ಮೊದಲ ಎರಡು ತಿಂಗಳೊಳಗೆ. ಎಚ್‌ಎಲ್‌ಎ-ಬಿ 1502 ಎಂಬ ಆನುವಂಶಿಕ ಗುರುತು ಉಳ್ಳವರಿಗೆ ಕಾರ್ಬಮಜೆಪೀನಿನಿಂದ ಈ ಅಪಾಯ ಬಹಳ ಹೆಚ್ಚೆಂದು 2004ರಲ್ಲಿ ತೈವಾನಿನ ಸಂಶೋಧಕರು ತೋರಿಸಿದರು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣಾಲಯ ಏಷ್ಯಾ ಮೂಲದವರ ವಿಷಯದಲ್ಲಿ ಎಚ್ಚರಿಕೆ ಹೊರಡಿಸಿತು. ಜ್ವರದೊಡನೆ ಮೈಮೇಲೆ ದದ್ದು, ಬಾಯಿಹುಣ್ಣು, ಕಣ್ಣುರಿ ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಔಷಧವನ್ನು ತಟಕ್ಕನೆ ನಿಲ್ಲಿಸುವುದು ಸರಿಯಾಗುವ ಅಪರೂಪದ ಸಂದರ್ಭ ಇದು; ನಿಲ್ಲಿಸಿ ಬೇರೊಂದನ್ನು ಕೊಡುವ ಹೊಣೆ ಆಸ್ಪತ್ರೆಯದು. ನಮ್ಮ ಹಳ್ಳಿಗಳಲ್ಲಿ ಇಂಥ ದದ್ದನ್ನು ‘ಅಮ್ಮ’ ಎಂದು ಭಾವಿಸಿ ಬೇವಿನ ಸೊಪ್ಪು ಕಟ್ಟಿ ಕಾಯುವ ವಾಡಿಕೆ ಇನ್ನೂ ಪೂರ್ತಿಯಾಗಿ ಹೋಗಿಲ್ಲ.

ಹೆಣ್ಣುಮಕ್ಕಳ ವಿಷಯದಲ್ಲಿ ಲೆಕ್ಕ ಇನ್ನಷ್ಟು ಕಠಿಣವಾಗುತ್ತದೆ. ವ್ಯಾಲ್‌ಪ್ರೊಯೇಟ್ ಕೆಲವು ಬಗೆಯ ಅಪಸ್ಮಾರದಲ್ಲಿ, ಮೇಲೆ ಹೇಳಿದ ಲೋಟ ಜಾರುವ ಬಗೆಯೂ ಸೇರಿದಂತೆ, ಅತ್ಯಂತ ಪರಿಣಾಮಕಾರಿ. ಗರ್ಭಿಣಿ ಅದನ್ನು ತೆಗೆದುಕೊಂಡರೆ ಶಿಶುವಿಗೆ ಗಂಭೀರವಾದ ಅಂಗವೈಕಲ್ಯ ಬರುವ ಸಂಭವ 100ಕ್ಕೆ ಸುಮಾರು 10; ಸಾಮಾನ್ಯ ಗರ್ಭಗಳಲ್ಲಿ ಇದು 2 ಅಥವಾ 3. ಬೆನ್ನುಹುರಿಯ ಕೊಳವೆ ಸರಿಯಾಗಿ ಮುಚ್ಚದಿರುವುದು ಇವುಗಳಲ್ಲಿ ಒಂದು. ಇದಲ್ಲದೆ ಅಂಥ ಮಕ್ಕಳಲ್ಲಿ 100ಕ್ಕೆ 30ರಿಂದ 40ರಷ್ಟು ಮಂದಿಗೆ ಮಾತು, ಬುದ್ಧಿ, ನಡವಳಿಕೆಗಳ ಬೆಳವಣಿಗೆಯಲ್ಲಿ ತೊಡಕುಂಟಾಗಬಹುದೆಂದು ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಎಚ್ಚರಿಸಿ, 2018ರಲ್ಲಿ ನಿರ್ಬಂಧಗಳನ್ನು ಬಿಗಿಗೊಳಿಸಿತು. ನಮ್ಮ ದೇಶದಲ್ಲಿ ಈ ವಿಷಯವನ್ನು ಕುರಿತು 1998ರಿಂದ ಮಾಹಿತಿ ಕಲೆಹಾಕುತ್ತ ಬಂದಿರುವುದು ಶ್ರೀ ಚಿತ್ರಾ ಸಂಸ್ಥೆಯಲ್ಲಿರುವ ಕೇರಳದ ಅಪಸ್ಮಾರ ಮತ್ತು ಗರ್ಭಧಾರಣೆಯ ನೋಂದಣಿ. ಆದರೆ ಗರ್ಭ ನಿಂತಿತೆಂದು ತಿಳಿದೊಡನೆ ಹೆದರಿ ಗುಳಿಗೆ ಬಿಟ್ಟರೆ ದೊಡ್ಡ ಸೆಳವು ಬಂದು ತಾಯಿ ಶಿಶು ಇಬ್ಬರಿಗೂ ಅಪಾಯವಾದೀತು. ಬೆನ್ನುಹುರಿಯ ಕೊಳವೆ ಗರ್ಭದ ಮೊದಲ ನಾಲ್ಕು ವಾರಗಳಲ್ಲಿಯೇ ಮುಚ್ಚಬೇಕಾದ್ದರಿಂದ ಆಗ ಬಿಟ್ಟು ಪಡೆಯುವ ಲಾಭವೂ ಅಲ್ಪ. ಔಷಧವನ್ನು ಬದಲಿಸುವುದು, ಫೋಲಿಕ್ ಆಮ್ಲವನ್ನು ಆರಂಭಿಸುವುದು ಎಲ್ಲವೂ ಗರ್ಭಧಾರಣೆಗೆ ಮುಂಚೆಯೇ ಆಗಬೇಕಾದ ಮಾತು.

ಮುಂಚೆ ಎಂದರೆ ಮದುವೆಯ ಮಾತುಕತೆಯ ಕಾಲ. ನಮ್ಮ ಸಮಾಜ ರೋಗವನ್ನು ಬಚ್ಚಿಡುವುದು ಆಗಲೇ. 1955ರ ಹಿಂದೂ ವಿವಾಹ ಕಾಯಿದೆ ಪದೇ ಪದೇ ಬರುವ ಅಪಸ್ಮಾರವನ್ನು ಉನ್ಮಾದದ ಜೊತೆಗಿಟ್ಟು ವಿವಾಹಕ್ಕೆ ಅಡ್ಡಿಯೆಂದು ಹೇಳಿತ್ತು. ಚರಕನು ಬೇರ್ಪಡಿಸಿದ್ದನ್ನು ಇಪ್ಪತ್ತನೆಯ ಶತಮಾನದ ಶಾಸನ ಒಟ್ಟಿಗೆ ಕಟ್ಟಿತ್ತು! 1999ರ ತಿದ್ದುಪಡಿಯಲ್ಲಿ ಅಪಸ್ಮಾರದ ಮಾತನ್ನು ತೆಗೆದುಹಾಕಲಾಯಿತು. ಕಾನೂನು ಬಿಟ್ಟಿತು, ಮನೆಗಳು ಬಿಡಲಿಲ್ಲ. ಗಂಡನ ಮನೆಯಲ್ಲಿ ಗುಳಿಗೆಯ ಪಟ್ಟಿ ಕಂಡೀತೆಂದು ಬಿಟ್ಟವಳಿಗೆ ಮದುವೆಯ ನಿದ್ದೆಗೇಡು, ದಣಿವು, ಔಷಧಭಂಗ ಮೂರೂ ಒಮ್ಮೆಗೇ ಕೂಡಿಬಂದು ಹೊಸ ಮನೆಯಲ್ಲಿಯೇ ಸೆಳವು ಬರುತ್ತದೆ. ಇದನ್ನು ದೇವರು ಮೈಮೇಲೆ ಬಂತೆಂದೋ ಗಾಳಿ ಸೋಂಕಿತೆಂದೋ ಅರ್ಥೈಸುವವರು ಬೀದರದಲ್ಲಿಯೂ ಇದ್ದಾರೆ, ಹೈದರಾಬಾದಿನಲ್ಲಿಯೂ ಇದ್ದಾರೆ.

ಹಾಗಾದರೆ ಜೀವಮಾನವೆಲ್ಲ ಗುಳಿಗೆಯೇ? ಹಾಗೇನೂ ಇಲ್ಲ. ಬ್ರಿಟನ್ನಿನ ವೈದ್ಯಕೀಯ ಸಂಶೋಧನ ಮಂಡಳಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕನಿಷ್ಠ ಎರಡು ವರ್ಷ ಸೆಳವಿಲ್ಲದೆ ಕಳೆದಿದ್ದ 1,013 ಮಂದಿಯನ್ನು ಎರಡು ಗುಂಪುಮಾಡಿ ಒಂದು ಗುಂಪಿಗೆ ಔಷಧವನ್ನು ಮುಂದುವರಿಸಿ ಇನ್ನೊಂದರಲ್ಲಿ ನಿಧಾನವಾಗಿ ಇಳಿಸಲಾಯಿತು. ಎರಡು ವರ್ಷಗಳ ಮೇಲೆ ನೋಡಿದಾಗ, ಮುಂದುವರಿಸಿದವರಲ್ಲಿ 100ಕ್ಕೆ 78 ಮಂದಿ, ಇಳಿಸಿದವರಲ್ಲಿ 59 ಮಂದಿ ಸೆಳವಿಲ್ಲದೆ ಇದ್ದರು. ಈ ಅಂಕಿಗಳನ್ನು ಎರಡು ರೀತಿಯಲ್ಲಿ ಓದಬಹುದು. ಬಿಟ್ಟವರಲ್ಲಿಯೂ ಅರ್ಧಕ್ಕಿಂತ ಹೆಚ್ಚು ಮಂದಿ ಚೆನ್ನಾಗಿಯೇ ಇದ್ದರು. ಬಿಡದವರಲ್ಲಿಯೂ ಐವರಲ್ಲಿ ಒಬ್ಬರಿಗೆ ಮತ್ತೆ ಬಂತು. ಶಾಲೆಗೆ ಹೋಗುವ ಹುಡುಗನಿಗೆ ಒಂದು ಸೆಳವು ಮರುಕಳಿಸಿದರೆ ಆಗುವ ನಷ್ಟ ಬೇರೆ, ಕಾರ್ಖಾನೆಯ ರಿಯಾಕ್ಟರ್ ಪಕ್ಕದಲ್ಲಿ ಅಥವಾ ಎತ್ತರದ ಅಟ್ಟಣಿಗೆಯ ಮೇಲೆ ನಿಲ್ಲುವವನಿಗೆ ಆಗುವ ನಷ್ಟ ಬೇರೆ. ನೂರರ ಲೆಕ್ಕ ಎಲ್ಲರಿಗೂ ಒಂದೇ ಆದರೂ ತೂಕ ಒಬ್ಬೊಬ್ಬರಿಗೆ ಒಂದೊಂದು. ನಮ್ಮ ದೇಶದಲ್ಲಿ ಅಪಸ್ಮಾರದ ಸಾಮಾನ್ಯ ಕಾರಣಗಳಲ್ಲೊಂದಾದ ಲಾಡಿಹುಳುವಿನ ಮರಿಗಳ ಗಂಟು ಮಿದುಳಿನಲ್ಲಿ ಕರಗಿಹೋದವರಲ್ಲಿ ಔಷಧದ ಅವಧಿ ಅಷ್ಟು ದೀರ್ಘವಾಗಿರಬೇಕಾಗಿಲ್ಲ.

ಇಲ್ಲಿ ಮುಖ್ಯವಾದ ಶಬ್ದ ‘ನಿಧಾನವಾಗಿ’. ಆ ಅಧ್ಯಯನದಲ್ಲಿ ಇಳಿಕೆ ತಿಂಗಳುಗಟ್ಟಲೆ ನಡೆಯಿತು. ಊರಿಗೆ ಹೋಗುವಾಗ ಪಟ್ಟಿ ಮರೆತು, ಸಂಬಳ ತಡವಾಗಿ, ಇಲ್ಲವೇ ಆರು ತಿಂಗಳು ಬರಲಿಲ್ಲವೆಂಬ ಧೈರ್ಯದಿಂದ ಒಮ್ಮೆಗೇ ನಿಲ್ಲಿಸುವುದು ಇದಲ್ಲ. ಹಾಗೆ ನಿಂತಾಗ, ಅದರಲ್ಲಿಯೂ ಫೀನೋಬಾರ್ಬಿಟಾಲಿನ ವಿಷಯದಲ್ಲಿ, ಒಂದರ ಹಿಂದೊಂದು ಸೆಳವು ಬಿಡುವಿಲ್ಲದೆ ಬರುವ ಸ್ಥಿತಿ ಉಂಟಾಗಬಹುದು, ಅದು ಪ್ರಾಣಾಂತಿಕ. ಸೆಳವು 5 ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಬೇಕೆಂಬ ನಿಯಮ ಇದಕ್ಕಾಗಿಯೇ. ಅಲ್ಲಿಯವರೆಗೆ ಪಕ್ಕಕ್ಕೆ ಹೊರಳಿಸಿ ಮಲಗಿಸುವುದು ಸಾಕು. ಕಬ್ಬಿಣ, ಬೀಗದ ಕೈ, ಈರುಳ್ಳಿ, ಬಾಯಿಗೆ ಚಮಚ ಯಾವುದೂ ಬೇಡ. ಇದಲ್ಲದೆ ಅಪಸ್ಮಾರವುಳ್ಳ ವಯಸ್ಕರಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು ಒಬ್ಬರು ಬೇರೆ ಕಾರಣ ಕಾಣದೆ ಹಠಾತ್ತಾಗಿ, ಹೆಚ್ಚಾಗಿ ನಿದ್ದೆಯಲ್ಲಿ, ಸಾಯುತ್ತಾರೆ. ಹಿಡಿತಕ್ಕೆ ಬಾರದ ದೊಡ್ಡ ಸೆಳವುಗಳೇ ಅದಕ್ಕೆ ಮುಖ್ಯವಾದ ಅಪಾಯಕಾರಣ. ಔಷಧದ ದೋಷಗಳನ್ನು ಪಟ್ಟಿಮಾಡುವಾಗ ಔಷಧವಿಲ್ಲದ ದೋಷವನ್ನೂ ಅದೇ ಪಟ್ಟಿಯಲ್ಲಿ ಬರೆಯುವುದು ನ್ಯಾಯ. ಗುಳಿಗೆಯ ಡಬ್ಬಿಯೊಳಗಿನ ಕಾಗದದಲ್ಲಿ ಮೊದಲನೆಯದು ಸಣ್ಣಕ್ಷರದಲ್ಲಿ, ಇಂಗ್ಲಿಷಿನಲ್ಲಿ ಉದ್ದಕ್ಕೂ ಇರುತ್ತದೆ. ಎರಡನೆಯದು ಯಾವ ಭಾಷೆಯಲ್ಲಿಯೂ ಕಾಣುವುದಿಲ್ಲ.

ಆ ತಾಯಿಯ ಮಗನ ರಾತ್ರಿ ಪಾಳಿಯ ವಿಚಾರ ಉಳಿಯಿತು. ನಿದ್ದೆಗೆಡುವುದು ಸೆಳವಿಗೆ ಪ್ರಬಲವಾದ ಪ್ರಚೋದನೆ. ರಾತ್ರಿ ದುಡಿದು ಹಗಲು ತಗಡಿನ ಸೂರಿನ ಕೆಳಗೆ ಮಲಗುವವನಿಗೆ ಎಷ್ಟೇ ಒಳ್ಳೆಯ ಔಷಧ ಕೊಟ್ಟರೂ ತಕ್ಕಡಿ ಒಂದು ಕಡೆಗೆ ವಾಲಿಯೇ ಇರುತ್ತದೆ. ಹಗಲು ಪಾಳಿ, ನೆಲಮಟ್ಟದ ಕೆಲಸ, ಒಂದೇ ಹೊತ್ತಿಗೆ ಗುಳಿಗೆ ಇಷ್ಟಾದರೆ ಎಷ್ಟೋ ವೇಳೆ ಪ್ರಮಾಣವನ್ನು ಹೆಚ್ಚಿಸದೆಯೇ ಸೆಳವು ಹಿಡಿತಕ್ಕೆ ಬರಬಹುದು. ಆದರೆ ಹಗಲು ಪಾಳಿ ಕೇಳಬೇಕಾದರೆ ರೋಗವನ್ನು ಹೇಳಬೇಕು. ಹೇಳಿದರೆ ಕೆಲಸವೇ ಹೋದೀತು. ಗುತ್ತಿಗೆದಾರನ ಕೈಕೆಳಗೆ ದುಡಿಯುವವನಿಗೆ ಈ ಗಂಟನ್ನು ಬಿಡಿಸಿಕೊಡುವ ಔಷಧ ಜೀಡಿಮೆಟ್ಲಾದ ಯಾವ ಕಾರ್ಖಾನೆಯಲ್ಲಿಯೂ ತಯಾರಾಗುವುದಿಲ್ಲ.

ಕೊನೆಯದಾಗಿ, ಕನ್ನಡ ಸೀಮೆಗೆ ವಿಶೇಷವಾದ ಒಂದು ಬಗೆಯ ಅಪಸ್ಮಾರವನ್ನು ಹೊರಗಿನ ಸಂಶೋಧಕರ ಗಮನಕ್ಕೆ ತರಬೇಕು. ತಲೆಯ ಮೇಲೆ ಬಿಸಿನೀರು ಹುಯ್ದುಕೊಂಡಾಗ ಮಾತ್ರ ಸೆಳವು ಬರುವ ಈ ಬಗೆಯನ್ನು 1945ರಲ್ಲಿ ನ್ಯೂಜಿಲೆಂಡಿನಲ್ಲಿ ಮೊದಲು ವರದಿಮಾಡಲಾಯಿತಾದರೂ, ಅದು ಅತಿ ಹೆಚ್ಚಾಗಿ ಕಂಡುಬಂದಿರುವುದು ದಕ್ಷಿಣ ಕರ್ನಾಟಕದಲ್ಲಿ. ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಬೆಂಗಳೂರಿನಿಂದ 279 ಮಂದಿಯ ವೃತ್ತಾಂತವನ್ನು ಪ್ರಕಟಿಸಿದರು. ಯಳಂದೂರಿನಲ್ಲಿ ಇದರ ಪ್ರಮಾಣ ಲಕ್ಷಕ್ಕೆ 255 ಎಂದು ಕಂಡುಬಂದಿತು. ಹಂಡೆಯಲ್ಲಿ ಕಾದ ನೀರನ್ನು ಚೆಂಬು ಚೆಂಬಾಗಿ ಬೇಗಬೇಗನೆ ನೆತ್ತಿಯ ಮೇಲೆ ಹುಯ್ದುಕೊಳ್ಳುವ ತಲೆಸ್ನಾನದ ಪದ್ಧತಿಗೂ ಇದಕ್ಕೂ ಸಂಬಂಧವಿದೆ. ಆನುವಂಶಿಕ ಕಾರಣಗಳೂ ಇವೆ. ದೆಹಲಿಯಲ್ಲೋ ಹೈದರಾಬಾದಿನಲ್ಲೋ ಕುಳಿತ ವೈದ್ಯರಿಗೆ ‘ಎರೆದುಕೊಳ್ಳುವಾಗ ಬಂತು’ ಎಂಬ ಮಾತಿನ ಅರ್ಥ ಹೊಳೆಯದಿದ್ದರೆ, ಜಾರಿ ಬಿದ್ದನೆಂದೋ ಸಾಮಾನ್ಯ ಅಪಸ್ಮಾರವೆಂದೋ ತಿಳಿದು ವರ್ಷಗಟ್ಟಲೆ ದಿನವೂ ಗುಳಿಗೆ ಬರೆದಾರು. ಸೆಳವು ತಲೆಸ್ನಾನಕ್ಕಷ್ಟೇ ಸೀಮಿತವಾಗಿರುವವರಲ್ಲಿ ಹಲವರಿಗೆ ನೀರಿನ ಬಿಸಿಯನ್ನು ತಗ್ಗಿಸಿ, ನೆತ್ತಿಗೆ ನಿಧಾನವಾಗಿ ಹುಯ್ದುಕೊಂಡರೆ ಸಾಕಾಗುತ್ತದೆ. ಅಷ್ಟರಿಂದ ಆಗದಿದ್ದರೆ ಸ್ನಾನಕ್ಕೆ ಒಂದೂವರೆ ಅಥವಾ ಎರಡು ಗಂಟೆ ಮುಂಚೆ ಕ್ಲೋಬಜಾಮ್ ಎಂಬ ಗುಳಿಗೆಯನ್ನು ವೈದ್ಯರು ಕೊಡುತ್ತಾರೆ, ತಲೆಗೆ ಎರೆದುಕೊಳ್ಳುವ ದಿನ ಮಾತ್ರ. ಇತರ ಸಮಯದಲ್ಲಿಯೂ ಸೆಳವು ಬರುವವರಿಗೆ ಮಾತ್ರ ದಿನನಿತ್ಯದ ಔಷಧ ಅಗತ್ಯವಾಗುತ್ತದೆ.